ಪಪ್ಪಾಯಿ ತೋಟದ ನುಸಿಗೆ ನುಸಿಯೇ ಮದ್ದು: ಬೆಳೆಸುವುದು, ಬಿಡುವುದು, ಉಳಿಸಿಕೊಳ್ಳುವುದು

ನಮ್ಮದು ಹಿರಿಯೂರು ತಾಲ್ಲೂಕು. ಎರಡೂವರೆ ಎಕರೆ ಪಪ್ಪಾಯಿ, ರೆಡ್ ಲೇಡಿ ತಳಿ. ಆರು ಅಡಿಗೆ ಆರು ಅಡಿ ಅಂತರ, ಅಂದರೆ ಎಕರೆಗೆ ಸುಮಾರು 1,200 ಗಿಡ. ತೋಟದ ಒಂದು ಬದಿಗೆ ಮಣ್ಣು ರಸ್ತೆ ಇದೆ. ಟ್ರ್ಯಾಕ್ಟರ್ ಹೋದರೆ ಧೂಳೆಲ್ಲ ನಮ್ಮ ಎಲೆಗಳ ಮೇಲೆ. ಈ ಧೂಳಿನ ಮಾತು ಮುಂದೆ ಮತ್ತೆ ಬರುತ್ತದೆ.

ಮೊದಲ ಬೇಸಿಗೆಯಲ್ಲೇ ಪೆಟ್ಟು ತಿಂದೆವು. ಫೆಬ್ರವರಿಯಲ್ಲಿ ಕೆಳಗಿನ ಎಲೆಗಳ ಮೇಲೆ ರವೆ ಚೆಲ್ಲಿದ ಹಾಗೆ ಬಿಳಿ ಹಳದಿ ಚುಕ್ಕೆ ಬಂತು. ಎಲೆ ತಿರುಗಿಸಿದರೆ ದಪ್ಪ ನರಗಳ ಪಕ್ಕದಲ್ಲಿ ಹುಡಿ ಹುಡಿಯಾಗಿ ಏನೋ ಹರಿದಾಡುತ್ತಿತ್ತು. ಔಷಧಿ ಅಂಗಡಿಗೆ ಹೋಗಿ "ನುಸಿ ಬಿದ್ದಿದೆ" ಅಂದೆ. ಅವರು ಕೊಟ್ಟದ್ದನ್ನು ಎರಡು ಸಲ ಹೊಡೆಸಿದೆವು. ಹದಿನೈದು ದಿನಕ್ಕೆ ನುಸಿ ಹೋಗುವ ಬದಲು ಎಲೆ ತುಂಬಾ ಬಲೆ ಕಟ್ಟಿತು. ಮಾರ್ಚ್ ಕೊನೆಗೆ ಎಲೆ ಉದುರಿ, ಮರೆಯಿಲ್ಲದ ಕಾಯಿಗಳ ಮೇಲೆ ಬಿಸಿಲು ಸುಟ್ಟ ಕಲೆ ಎದ್ದಿತು. ಆ ಕಾಯಿಗಳನ್ನು ವ್ಯಾಪಾರಿ ಮುಟ್ಟಲಿಲ್ಲ.

ಎಡವಟ್ಟಾಗಿದ್ದು ಒಂದು ಪದದಲ್ಲಿ. ನಮ್ಮ ಕಡೆ ಥ್ರಿಪ್ಸ್‌ಗೂ ನುಸಿ ಅನ್ನುತ್ತೇವೆ, ಮೈಟ್‌ಗೂ ನುಸಿ ಅನ್ನುತ್ತೇವೆ. ಥ್ರಿಪ್ಸ್ ಆರು ಕಾಲಿನ ಕೀಟ. ಮೈಟ್ ಕೀಟವೇ ಅಲ್ಲ. ಅದು ಜೇಡ, ಉಣ್ಣೆ ಹುಳಗಳ ಬಳಗದ್ದು, ಬೆಳೆದ ಮೇಲೆ ಎಂಟು ಕಾಲು. ನಮಗೆ ಸಿಕ್ಕಿದ್ದು ಥ್ರಿಪ್ಸ್‌ನ ಔಷಧಿ. ಅದು ಮೈಟ್‌ಗೆ ತಾಕಲಿಲ್ಲ. ಆದರೆ ಮೈಟನ್ನು ತಿಂದು ಬದುಕುತ್ತಿದ್ದ ಜೀವಿಗಳನ್ನೆಲ್ಲ ಕೊಂದು ಹಾಕಿತು. ಅದಕ್ಕೇ ಔಷಧಿ ಹೊಡೆದ ಮೇಲೆ ಪೀಡೆ ಜಾಸ್ತಿಯಾಗಿದ್ದು. ಅಂಗಡಿಗೆ ಹೋದಾಗ ಬರೀ "ನುಸಿ" ಅನ್ನಬೇಡಿ. ಎಲೆ ತೋರಿಸಿ, ಥ್ರಿಪ್ಸೋ ಮೈಟೋ ಅಂತ ಬಿಡಿಸಿ ಹೇಳಿ.

ಆ ಮೈಟನ್ನು ತಿನ್ನುವವುಗಳಲ್ಲಿ ಮುಖ್ಯವಾದದ್ದು ಇನ್ನೊಂದು ಮೈಟ್. ಪರಭಕ್ಷಕ ನುಸಿ ಅನ್ನುತ್ತಾರೆ. ನಾನು ಬೇಟೆ ನುಸಿ ಅಂತ ಕರೆಯುತ್ತೇನೆ, ಮನೆಯಲ್ಲಿ ಎಲ್ಲರಿಗೂ ಅದೇ ರೂಢಿಯಾಗಿದೆ. ಇದು ಹೊರಗಿನಿಂದ ತರುವ ಹೊಸ ಸರಕೇನಲ್ಲ. ಅಡಿಕೆ ಎಲೆಯ ಮೇಲೆ ಕೆಂಪು ನುಸಿಯನ್ನು ತಿನ್ನುವ ಒಂದು ಬೇಟೆ ನುಸಿಯ ಹೆಸರು ಅಂಬ್ಲಿಸಿಯಸ್ ಚನ್ನಬಸವನ್ನೈ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ನುಸಿಗಳ ಅಧ್ಯಯನ ಕಟ್ಟಿ ಬೆಳೆಸಿದ ಪ್ರೊಫೆಸರ್ ಜಿ. ಪಿ. ಚನ್ನಬಸವಣ್ಣ ಅವರ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. 1986ರಲ್ಲಿ ನುಸಿ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದೂ ಬೆಂಗಳೂರಿನಲ್ಲೇ. ಇಷ್ಟು ಹತ್ತಿರದಲ್ಲಿ ಇಷ್ಟು ತಿಳಿವಳಿಕೆ ಇದೆ, ನಮ್ಮ ತೋಟಗಳಿಗೆ ಇನ್ನೂ ಸರಿಯಾಗಿ ತಲುಪಿಲ್ಲ. ನನಗೆ ಬೇಸರವಾಗುವುದು ಇದಕ್ಕೇ.

ಪಪ್ಪಾಯಿಗೆ ನಾನು ಬಳಸುವುದು ನಿಯೋಸಿಯುಲಸ್ ಲಾಂಗಿಸ್ಪೈನೋಸಸ್. ನಮ್ಮ ಎಲೆಗಳಿಗೆ ಬಿದ್ದ ಪೀಡೆ ಬಲೆ ಕಟ್ಟುವ ಜೇಡ ನುಸಿ, ಅದನ್ನು ತಿನ್ನುವುದೆಂದರೆ ಇದಕ್ಕೆ ಪ್ರಾಣ.

ಮೊದಲು ಕಣ್ಣು ಪಳಗಲಿ

ಬೇಟೆ ನುಸಿ ತರುವುದಕ್ಕಿಂತ ಮುಂಚೆ ಒಂದು ಭೂತಗನ್ನಡಿ ತನ್ನಿ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವಂಥದ್ದು ಸಾಕು. ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಿ, ಇಲ್ಲದಿದ್ದರೆ ತೋಟದಲ್ಲಿ ಕಳೆದೇ ಹೋಗುತ್ತದೆ. ಬೆಳಗಿನ ಬೆಳಕಿನಲ್ಲಿ, ಸೂರ್ಯನಿಗೆ ಬೆನ್ನು ಮಾಡಿ ನಿಂತು, ಗಾಜನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದು, ಎಲೆಯನ್ನು ಹತ್ತಿರಕ್ಕೆ ತನ್ನಿ. ಮೊದಲ ದಿನ ಏನೂ ಕಾಣುವುದಿಲ್ಲ. ಮೂರನೇ ದಿನಕ್ಕೆ ಕಾಣುತ್ತದೆ.

ಪೀಡೆ ನುಸಿ ಅರ್ಧ ಮಿಲಿಮೀಟರ್ ಉದ್ದ. ಮೈ ದುಂಡಗೆ, ತಿಳಿ ಹಸಿರು ಅಥವಾ ಕೆಂಪು, ಬೆನ್ನಿನ ಎರಡು ಪಕ್ಕ ಎರಡು ಕಪ್ಪು ಚುಕ್ಕೆ. ಕೂತಲ್ಲೇ ಕೂತು ರಸ ಹೀರುತ್ತದೆ, ನಡೆದರೂ ನಿಧಾನ. ಮೊಟ್ಟೆ ಗುಂಡು ಮಣಿಯ ಹಾಗೆ.

ಬೇಟೆ ನುಸಿಯ ಗಾತ್ರ ಹೆಚ್ಚುಕಡಿಮೆ ಅಷ್ಟೇ. ಆದರೆ ಮೈ ಹೊಳೆಯುತ್ತದೆ, ನೀರಿನ ಹನಿಯ ಆಕಾರ, ಕಾಲು ಉದ್ದ. ಹೊಟ್ಟೆ ತುಂಬಿದರೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮುಖ್ಯ ಗುರುತು ಓಟ. ಎಲೆ ಮೇಲೆ ಏನನ್ನೋ ಕಳೆದುಕೊಂಡವರ ಹಾಗೆ ಅತ್ತ ಇತ್ತ ಓಡುತ್ತಲೇ ಇರುತ್ತದೆ. ಅದಕ್ಕೆ ಕಣ್ಣಿಲ್ಲ. ನುಸಿ ತಿಂದ ಎಲೆ ಬಿಡುವ ವಾಸನೆ ಹಿಡಿದು, ಬಲೆಯ ಎಳೆ ತಡವುತ್ತಾ ಬೇಟೆ ಹುಡುಕುತ್ತದೆ. ಅದರ ಮೊಟ್ಟೆ ಗುಂಡಗಿರುವುದಿಲ್ಲ, ಉದ್ದುದ್ದ, ಪೀಡೆಯ ಮೊಟ್ಟೆಗಿಂತ ದೊಡ್ಡದು. ಈ ಮೊಟ್ಟೆ ಗುರುತಿಸಲು ಬಂದರೆ ಅರ್ಧ ಕೆಲಸ ಕಲಿತ ಹಾಗೆ. ಮೊಟ್ಟೆ ಇದೆ ಅಂದರೆ ಅದು ನಿಮ್ಮ ತೋಟದಲ್ಲಿ ಸಂಸಾರ ಹೂಡಿದೆ ಅಂತ ಅರ್ಥ.

ಗಾಜು ಇಲ್ಲದಿದ್ದರೆ ಬಿಳಿ ಕಾಗದದ ಮೇಲೆ ಎಲೆ ತಟ್ಟಿ. ತೆವಳುವುದು ಪೀಡೆ, ಓಡುವುದು ಬೇಟೆಗಾರ. ನಮ್ಮ ಮಾವನಿಗೆ ಈಗ ಎಪ್ಪತ್ತು ದಾಟಿದೆ. ಅವರು ಈ ಕಾಗದದ ವಿಧಾನದಲ್ಲೇ ನನಗಿಂತ ಬೇಗ ಹೇಳುತ್ತಾರೆ.

ವಾರಕ್ಕೊಮ್ಮೆ ಎಕರೆಗೆ ಇಪ್ಪತ್ತು ಗಿಡ ನೋಡಿ. ಪ್ರತಿ ಗಿಡದಲ್ಲೂ ಬಲಿತ ಎಲೆ ಒಂದು. ಪಪ್ಪಾಯಿ ಎಲೆ ದೊಡ್ಡದು, ಪೂರ್ತಿ ಎಣಿಸಲು ಆಗುವುದಿಲ್ಲ. ತೊಟ್ಟು ಎಲೆಗೆ ಸೇರುವ ಜಾಗ, ಎರಡು ದಪ್ಪ ನರಗಳ ಪಕ್ಕ, ಇಷ್ಟು ನೋಡಿದರೆ ಸಾಕು. ರಸ್ತೆ ಬದಿಯ ಸಾಲನ್ನು ಮಾತ್ರ ಬಿಡಲೇಬೇಡಿ. ಧೂಳು ಕೂತ ಎಲೆಯಲ್ಲೇ ಪೀಡೆ ಮೊದಲು ಏಳುತ್ತದೆ, ಅಲ್ಲಿ ಬೇಟೆಗಾರನಿಗೆ ಓಡಾಡುವುದೂ ಕಷ್ಟ. ನುಸಿ ಕಂಡ ಗಿಡಕ್ಕೆ ಬಣ್ಣದ ರಿಬ್ಬನ್ ಕಟ್ಟಿ. ಮುಂದೆ ಬಿಡುವಾಗ ಆ ರಿಬ್ಬನ್ನೇ ದಾರಿ ತೋರಿಸುತ್ತದೆ.

ಔಷಧಿ ನಿಲ್ಲಿಸದೆ ಬಿಟ್ಟರೆ ದುಡ್ಡು ಮಣ್ಣು

ಹೆಚ್ಚಿನವರು ಸೋಲುವುದು ಇಲ್ಲೇ. ಬೇಟೆ ನುಸಿ ಬಿಡುವುದು ಒಂದು ಸಂಜೆಯ ಕೆಲಸ. ಅದಕ್ಕೆ ಮುಂಚೆ ಕೈಯಲ್ಲಿರುವ ಪಂಪನ್ನು ಕೆಳಗಿಡುವುದು ತಿಂಗಳುಗಳ ಕೆಲಸ.

ಪಪ್ಪಾಯಿಯವರು ಯಾಕೆ ಔಷಧಿ ಹೊಡೆಯುತ್ತೇವೆ? ಉಂಗುರ ಚುಕ್ಕೆ ವೈರಸ್ ಭಯಕ್ಕೆ. ಗಿಡದ ರಸ ಹೀರುವ ಹೇನು (ಏಫಿಡ್) ವೈರಸ್ ಹರಡುತ್ತದೆ, ಹೇನನ್ನು ಕೊಲ್ಲೋಣ ಅಂತ. ಆದರೆ ಎಲ್ಲಿಂದಲೋ ಹಾರಿ ಬಂದ ಹೇನು ಎಲೆಗೆ ಒಮ್ಮೆ ಚುಚ್ಚಿ ನೋಡಿದರೂ ಸಾಕು, ವೈರಸ್ ದಾಟುತ್ತದೆ. ಔಷಧಿಯಿಂದ ಹೇನು ಸಾಯುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಹಾಗಾಗಿ ನಾವು ಔಷಧಿ ಬಿಟ್ಟು ಸುತ್ತಲೂ ಎರಡು ಸಾಲು ಮೆಕ್ಕೆಜೋಳ ಹಾಕಿದೆವು. ಬಂದ ಹೇನು ಮೊದಲು ಜೋಳಕ್ಕೆ ಚುಚ್ಚಿ ಬಾಯಿ ಒರೆಸಿಕೊಳ್ಳುತ್ತದೆ. ಪಪ್ಪಾಯಿ ನಾಟುವುದಕ್ಕೆ ಒಂದು ತಿಂಗಳು ಮೊದಲೇ ಜೋಳ ಬಿತ್ತಿರಬೇಕು. ರಸ್ತೆಯ ಧೂಳನ್ನೂ ಅದು ಅಷ್ಟಿಷ್ಟು ತಡೆಯುತ್ತದೆ.

ಪಪ್ಪಾಯಿ ಬೆಳೆಗಾರರಿಗೆ ಜೀವಿಯಿಂದ ಜೀವಿಯನ್ನು ಹಿಡಿಯುವುದು ಹೊಸದಲ್ಲ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಹಿಟ್ಟು ತಿಗಣೆ ನಮ್ಮ ಕಡೆಗೂ ಬಂದು ತೋಟಗಳನ್ನು ಬಿಳಿ ಮಾಡಿತ್ತು, ನೆನಪಿದೆ ಅಲ್ವಾ? ಯಾವ ಔಷಧಿಗೂ ಬಗ್ಗಲಿಲ್ಲ. 2010ರಲ್ಲಿ ಪೋರ್ಟೊರಿಕೊದಿಂದ ತರಿಸಿದ ಸಣ್ಣ ಕಣಜ ಅದನ್ನು ಹತೋಟಿಗೆ ತಂದಿತು. ಆ ಕಣಜ ಈಗಲೂ ನಮ್ಮ ತೋಟಗಳಲ್ಲಿ ಸುಮ್ನೆ ಕೆಲಸ ಮಾಡುತ್ತಿದೆ. ನುಸಿಗೆ ಅಂತ ಹೊಡೆದ ಔಷಧಿ ಆ ಕಣಜವನ್ನೂ ಕೊಲ್ಲುತ್ತದೆ, ಇದನ್ನು ಮರೆಯಬಾರದು.

ಕೆಲವು ಔಷಧಿಗಳ ಬಗ್ಗೆ ಸ್ಪಷ್ಟವಾಗಿ ಹೇಳುತ್ತೇನೆ. ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್ ಜಾತಿಯವು ಬೇಟೆ ನುಸಿಗೆ ಯಮ. ಹೊಡೆದ ವಾರಗಳ ನಂತರವೂ ಎಲೆ ಮೇಲಿನ ಶೇಷ ಕೊಲ್ಲುತ್ತದೆ. ಇಮಿಡಾಕ್ಲೋಪ್ರಿಡ್ ಹೊಡೆದ ತೋಟದಲ್ಲಿ ಜೇಡ ನುಸಿ ಜಾಸ್ತಿಯಾಗುವುದನ್ನು ಎಷ್ಟೋ ಬೆಳೆಗಳಲ್ಲಿ ಕಂಡಿದ್ದಾರೆ. ಗಂಧಕ ಹಳೇ ಮದ್ದು, ಆದರೆ ಬೇಟೆಗಾರನಿಗೂ ಆಗದು, ಬಿಸಿಲಿನಲ್ಲಿ ಪಪ್ಪಾಯಿ ಎಲೆಯನ್ನೂ ಸುಡುತ್ತದೆ. ಯೂರಿಯಾವನ್ನೂ ಹಿಡಿತದಲ್ಲಿಡಿ. ಸಾರಜನಕ ಜಾಸ್ತಿಯಾದ ಎಲೆಯಲ್ಲಿ ಪೀಡೆ ನುಸಿ ಜಾಸ್ತಿ ಮೊಟ್ಟೆ ಇಡುತ್ತದೆ.

ತೋಟದಲ್ಲಿ ಶೇಷ ಉಳಿದಿದೆಯೋ ಇಲ್ಲವೋ ತಿಳಿಯಲು ಒಂದು ಉಪಾಯ ಇದೆ. ತೋಟದ ಎಲೆಯ ಒಂದು ತುಂಡನ್ನು ಒದ್ದೆ ಹತ್ತಿಯ ಮೇಲೆ ಬೋರಲಾಗಿ ಇಡಿ. ಮೃದುವಾದ ಕುಂಚದಿಂದ ಹತ್ತು ಬೇಟೆ ನುಸಿ, ಜೊತೆಗೆ ತಿನ್ನಲು ಒಂದಷ್ಟು ಪೀಡೆ ನುಸಿ ಬಿಡಿ. ಮಾರನೇ ದಿನ ಎಂಟಾದರೂ ಓಡಾಡುತ್ತಿದ್ದರೆ ಬಿಡಬಹುದು. ಐದೇ ಉಳಿದಿದ್ದರೆ ಇನ್ನೂ ಹದಿನೈದು ದಿನ ಕಾಯಿರಿ.

ಮನೆ ಹಿಂದಿನ ಬೀನ್ಸ್ ಕುಂಡಗಳು

ಬೀಜದ ನುಸಿ, ಅಂದರೆ ಬೆಳೆಸಲು ಬೇಕಾದ ಮೊದಲ ಬೇಟೆ ನುಸಿ ಎಲ್ಲಿಂದ? ಎರಡು ದಾರಿ. ಒಂದು, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿರುವ ಕೃಷಿ ನುಸಿಗಳ ಅಖಿಲ ಭಾರತ ಜಾಲ ಯೋಜನೆಯವರನ್ನು ಕೇಳುವುದು. ಎರಡು, ನಿಮ್ಮ ಊರಿನಲ್ಲೇ ಹುಡುಕುವುದು. ಔಷಧಿ ಕಾಣದ ಬದನೆ, ಬೆಂಡೆ, ಹರಳು ಗಿಡಗಳಲ್ಲಿ ಜೇಡ ನುಸಿ ಇದ್ದರೆ ಅದರ ಹಿಂದೆಯೇ ಇವೂ ಬಂದಿರುತ್ತವೆ. ನನ್ನ ಮೊದಲ ಬೀಜ ಸಿಕ್ಕಿದ್ದು ನಾದಿನಿಯ ಹಿತ್ತಲಿನ ಬದನೆ ಗಿಡದಲ್ಲಿ. ಅಲ್ಲಿಂದ ಹಿಡಿದದ್ದನ್ನು ಬಲ್ಲವರಿಗೆ ಒಮ್ಮೆ ತೋರಿಸಿ ಗುರುತು ಖಚಿತ ಮಾಡಿಕೊಳ್ಳಿ. ಬಾಟಲಿಯಲ್ಲಿ ಕೊಳ್ಳುವುದಾದರೆ ಹೆಸರು ಓದಿ. ಥ್ರಿಪ್ಸ್ ತಿನ್ನುವ ಬೇಟೆ ನುಸಿಗಳೂ ಮಾರಾಟಕ್ಕಿವೆ, ದಟ್ಟ ಬಲೆಯೊಳಗೆ ಅವುಗಳ ಆಟ ನಡೆಯದು. ಹೊರದೇಶದಿಂದ ಜೀವಿ ತರಿಸಲು ಸರ್ಕಾರದ ಅನುಮತಿ ಬೇಕು, ಆ ಗೋಜಿಗೆ ಹೋಗಬೇಡಿ.

ಬೆಳೆಸುವುದು ಹೀಗೆ. ಕುಂಡಕ್ಕೆ ಎಂಟು ಹತ್ತು ಬೀನ್ಸ್ ಬೀಜ ಬಿತ್ತಿ. ಎರಡು ವಾರಕ್ಕೆ ಎಲೆ ಬಿಚ್ಚುತ್ತದೆ. ಆಗ ಪೀಡೆ ನುಸಿ ಇರುವ ಪಪ್ಪಾಯಿ ಎಲೆಯ ತುಂಡುಗಳನ್ನು ಆ ಎಲೆಗಳ ಮೇಲೆ ಇಡಿ. ತುಂಡು ಒಣಗಿದ ಹಾಗೆ ನುಸಿ ಬೀನ್ಸ್‌ಗೆ ಇಳಿಯುತ್ತದೆ. ಇನ್ನೊಂದು ವಾರ, ಹತ್ತು ದಿನಕ್ಕೆ ಎಲೆ ತುಂಬಾ ನುಸಿ. ಬಲೆ ಶುರುವಾಗುತ್ತಿದ್ದ ಹಾಗೆ ಕುಂಡಕ್ಕೆ ಇಪ್ಪತ್ತು ಮೂವತ್ತು ಬೇಟೆ ನುಸಿ ಬಿಡಿ. ಮೊಟ್ಟೆಯಿಂದ ಬೆಳೆದು ಮೊಟ್ಟೆ ಇಡುವಷ್ಟಾಗಲು ಪೀಡೆಗೆ ಬೇಸಿಗೆಯಲ್ಲಿ ಎಂಟು ಹತ್ತು ದಿನ ಬೇಕು, ಬೇಟೆಗಾರನಿಗೆ ನಾಲ್ಕೈದು ದಿನ ಸಾಕು. ನಮಗೆ ಇರುವ ಅನುಕೂಲವೇ ಇದು. ಹತ್ತು ಹನ್ನೆರಡು ದಿನಕ್ಕೆ ಎಲೆ ತಿರುಗಿಸಿದರೆ ಎಲ್ಲಿ ನೋಡಿದರೂ ಕಿತ್ತಳೆ ಹನಿಗಳ ಓಟ. ಅವತ್ತೇ ಕೊಯ್ಯಬೇಕು. ಎರಡು ದಿನ ತಡವಾದರೂ ಊಟ ಮುಗಿದು ಅವು ಕುಂಡ ಬಿಟ್ಟು ಹೊರಡುತ್ತವೆ, ಒಂದನ್ನೊಂದು ತಿನ್ನಲೂ ತೊಡಗುತ್ತವೆ.

ಕಟ್ಟುನಿಟ್ಟಾಗಿ ಪಾಲಿಸಬೇಕಾದ್ದು ಒಂದೇ. ಬರಿಯ ಬೀನ್ಸ್ ಒಂದು ಕಡೆ, ಪೀಡೆ ನುಸಿಯ ಕುಂಡ ಇನ್ನೊಂದು ಕಡೆ, ಬೇಟೆ ನುಸಿಯ ಕುಂಡ ಮತ್ತೊಂದು ಕಡೆ, ದೂರ ದೂರ ಇರಲಿ. ನೀರು ಹಾಕುವಾಗ ಇದೇ ಸರದಿಯಲ್ಲಿ ಹೋಗಿ, ವಾಪಸ್ ಬರಬೇಡಿ. ಬೇಟೆ ಕುಂಡ ಮುಟ್ಟಿದ ಕೈಯಲ್ಲಿ ಪೀಡೆ ಕುಂಡ ಮುಟ್ಟಿದರೆ ನಾಲ್ಕು ದಿನದಲ್ಲಿ ಪೀಡೆಯ ದಾಸ್ತಾನು ಖಾಲಿ. ಆಮೇಲೆ ಬೇಟೆಗಾರನಿಗೆ ಹಾಕಲು ಏನೂ ಇರುವುದಿಲ್ಲ. ನೀರು ತುಂಬಿದ ತಟ್ಟೆಯಲ್ಲಿ ಇಟ್ಟಿಗೆ ಇಟ್ಟು ಅದರ ಮೇಲೆ ಕುಂಡ ಇಡಿ. ನಡೆದು ದಾಟುವುದೂ ತಪ್ಪುತ್ತದೆ, ಇರುವೆಯೂ ಬರುವುದಿಲ್ಲ.

ನೆರಳು, ಸ್ವಲ್ಪ ತೇವ ಇರಬೇಕು. ಬೇಟೆ ನುಸಿಯ ಮೊಟ್ಟೆ ಒಣ ಗಾಳಿಗೆ ಸುಕ್ಕುಗಟ್ಟಿ ಸಾಯುತ್ತದೆ. ನಮ್ಮ ಹಿರಿಯೂರಿನ ಏಪ್ರಿಲ್ ಗಾಳಿ ಹೇಗೆ ಅಂತ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ನಾನು ಕುಂಡಗಳ ಸುತ್ತ ಒದ್ದೆ ಗೋಣಿಚೀಲ ಇಳಿಬಿಡುತ್ತೇನೆ.

ಬಿಡುವ ದಿನ

ಯಾವಾಗ ಬಿಡಬೇಕು? ಪೀಡೆ ಶುರುವಾದ ಕೂಡಲೇ. ಹತ್ತು ಪೀಡೆಗೆ ಒಂದು ಬೇಟೆ ನುಸಿ ಇದ್ದರೆ ಗೆಲ್ಲುತ್ತೀರಿ. ಎಲೆ ತುಂಬಾ ಬಲೆ ಕಟ್ಟಿದ ಮೇಲೆ ಆ ಲೆಕ್ಕ ಯಾರಿಂದಲೂ ಮುಟ್ಟಲಾಗದು. ಅಷ್ಟು ಹದಗೆಟ್ಟ ಗಿಡವಿದ್ದರೆ ಮೊದಲು ಕೆಟ್ಟ ಎಲೆಗಳನ್ನು ಕೊಯ್ದು, ಅಲ್ಲೇ ಚೀಲಕ್ಕೆ ತುಂಬಿ, ಹೊರಗೆ ಹೂತುಬಿಡಿ. ಸಾಲಿನ ಉದ್ದಕ್ಕೂ ಎಳೆದುಕೊಂಡು ಹೋಗಬೇಡಿ. ಆಮೇಲೆ ಉಳಿದ ಎಲೆಗಳ ಅಡಿಗೆ ಪೈಪಿನಲ್ಲಿ ಬರೀ ನೀರು ಜೋರಾಗಿ ಹೊಡೆಯಿರಿ. ಧೂಳು, ಬಲೆ, ಅರ್ಧದಷ್ಟು ನುಸಿ ತೊಳೆದು ಹೋಗುತ್ತದೆ. ಎರಡು ದಿನ ಬಿಟ್ಟು ಬೇಟೆ ನುಸಿ ಬಿಡಿ.

ನಾವು ಫೆಬ್ರವರಿ ಎರಡನೇ ವಾರ ಶುರು ಮಾಡುತ್ತೇವೆ. ಸಂಜೆ ಐದರ ನಂತರ. ಬೆಳಿಗ್ಗೆ ಡ್ರಿಪ್ ಬಿಟ್ಟು, ಬುಡಕ್ಕೆ ಹಾಕಿದ ಸೋಗೆಯನ್ನೂ ನೆನೆಸಿರುತ್ತೇವೆ, ಗಿಡದ ಸುತ್ತ ತಂಪು ಇರಲಿ ಅಂತ.

ಮೊದಲ ಸಲ ನಾನು ಬೀನ್ಸ್ ಎಲೆಗಳನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ, ಬಾಯಿ ಕಟ್ಟಿ, ಮಧ್ಯಾಹ್ನ ಎರಡು ಗಂಟೆಗೆ ಸ್ಕೂಟರಿನಲ್ಲಿ ತೋಟಕ್ಕೆ ಒಯ್ದೆ. ಹೋಗಿ ತೆರೆದರೆ ಒಳಗೆಲ್ಲ ಬೆವರಿನ ನೀರು, ಅದರಲ್ಲಿ ನುಸಿ ಮುಳುಗಿ ಸತ್ತಿದ್ದವು. ಒಂದೂವರೆ ತಿಂಗಳ ದುಡಿಮೆ. ತುಂಬಾ ಅತ್ತೆ ಅವತ್ತು. ಈಗ ಕಾಗದದ ಚೀಲ, ಪದರದ ನಡುವೆ ಟಿಶ್ಯೂ, ಅದನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ. ಐಸ್ ಹಾಕುವುದಿಲ್ಲ, ತಣ್ಣೀರಿನ ಬಾಟಲಿ ಒಂದು ಸಾಕು. ಕೊಯ್ದ ದಿನವೇ ಬಿಟ್ಟು ಮುಗಿಸುತ್ತೇವೆ.

ರಿಬ್ಬನ್ ಕಟ್ಟಿದ ಪ್ರತಿ ಗಿಡಕ್ಕೂ, ಅದರ ಸುತ್ತಲಿನ ಗಿಡಗಳಿಗೂ ಎರಡೆರಡು ಬೀನ್ಸ್ ಎಲೆ. ಒಂದು ಎಲೆಯಲ್ಲಿ ಹತ್ತು ಬೇಟೆ ನುಸಿಯಾದರೂ ಇರಬೇಕು. ತೊಟ್ಟು ಎಲೆಗೆ ಸೇರುವ ಜಾಗದಲ್ಲಿ, ಅಡಿಯ ಕಡೆಗೆ, ಸ್ಟೇಪ್ಲರ್ ಪಿನ್ನಿನಿಂದ ಒಂದು ಮೂಲೆ ಹಿಡಿಸಿ. ಬಿಸಿಲು ತಾಗುವ ಮೇಲ್ಭಾಗಕ್ಕೆ ಹಾಕಬೇಡಿ. ಬೀನ್ಸ್ ಎಲೆ ಬಾಡಿದಂತೆ ಅವು ತಾವೇ ಇಳಿಯುತ್ತವೆ.

ಒಂದು ಗಿಡಕ್ಕೆ ಬಿಟ್ಟರೆ ಪಕ್ಕದ್ದಕ್ಕೆ ತಾನೇ ಹೋಗುತ್ತದೆ ಅಂದುಕೊಳ್ಳಬೇಡಿ. ರೆಕ್ಕೆ ಇಲ್ಲದ ಜೀವಿ ಅದು. ನಮ್ಮ ಅಂತರದಲ್ಲಿ ಏಳೆಂಟು ತಿಂಗಳಾಗುವವರೆಗೂ ಗಿಡದಿಂದ ಗಿಡಕ್ಕೆ ಎಲೆ ತಾಗುವುದಿಲ್ಲ. ಗಾಳಿಯಲ್ಲಿ ತೇಲಿ ಹೋಗುವುದುಂಟು, ಆದರೆ ಅದನ್ನು ನಂಬಿ ಕೂರಲು ಆಗುವುದಿಲ್ಲ. ಎಲೆ ಎಲೆ ತಾಗಿದ ಮೇಲೆ ಕೆಲಸ ಹಗುರ, ಐದಾರು ಗಿಡಕ್ಕೆ ಒಂದರಂತೆ ಬಿಟ್ಟರೂ ಸಾಕು.

ಹತ್ತು ದಿನ ತಡೆದುಕೊಳ್ಳಿ

ಬಿಟ್ಟ ಮೇಲೆ ಮೊದಲ ವಾರ ಪೀಡೆ ಇನ್ನೂ ಏರುತ್ತದೆ. ಇಲ್ಲೇ ಎಲ್ಲರಿಗೂ ಕೈ ನಡುಗುವುದು. ನಮ್ಮ ಮಾವ ಆರನೇ ದಿನ ಪಂಪು ಹೆಗಲಿಗೇರಿಸಿ ನಿಂತಿದ್ದರು. "ಏನಮ್ಮಾ, ತೋಟ ಹೋಗ್ತಾ ಇದೆ, ನೀನು ಗಾಜು ಹಿಡ್ಕೊಂಡು ಕೂತಿದ್ದೀಯಲ್ಲ" ಅಂದರು. ನಾನು ಎಲೆ ತಿರುಗಿಸಿ ಗಾಜು ಅವರ ಕೈಗೆ ಕೊಟ್ಟೆ. ಒಂದು ಬೇಟೆ ನುಸಿ ಪೀಡೆಯ ಮೊಟ್ಟೆಗೆ ಬಾಯಿ ಹಾಕಿತ್ತು. ನಾವು ನೋಡುತ್ತಿದ್ದ ಹಾಗೆಯೇ ಆ ಮಣಿ ಬತ್ತಿ ಚಪ್ಪಟೆಯಾಯಿತು. ಮಾವ ಪಂಪು ಇಳಿಸಿದರು.

ಈ ದಿನಗಳಲ್ಲಿ ಪೀಡೆ ಎಷ್ಟಿದೆ ಅಂತ ಮಾತ್ರ ನೋಡಬೇಡಿ. ಉದ್ದುದ್ದ ಮೊಟ್ಟೆ ಕಾಣುತ್ತಿದೆಯಾ, ಎರಡು ವಾರದ ಹಿಂದೆ ಹತ್ತು ಎಲೆಗಳಲ್ಲಿ ಎರಡರಲ್ಲಿದ್ದ ಬೇಟೆ ನುಸಿ ಈಗ ಐದಾರರಲ್ಲಿ ಇದೆಯಾ, ಅದನ್ನು ನೋಡಿ. ಹಳೇ ಎಲೆಯ ಚುಕ್ಕೆ ಯಾವತ್ತೂ ಹೋಗುವುದಿಲ್ಲ. ಹೊಸದಾಗಿ ಬಿಚ್ಚಿದ ನಾಲ್ಕೈದು ಎಲೆ ಸ್ವಚ್ಛವಾಗಿದ್ದರೆ ಗೆದ್ದಿರಿ. ನಮ್ಮಲ್ಲಿ ಇದು ಕಾಣಲು ಮೂರರಿಂದ ನಾಲ್ಕು ವಾರ ಹಿಡಿಯುತ್ತದೆ. ಎರಡನೇ ವಾರದ ಕೊನೆಗೂ ಮೊಟ್ಟೆ ಕಾಣದಿದ್ದರೆ ಇನ್ನೊಂದು ಕಂತು ಬಿಡಿ. ಹಾಗೆ ಬಿಡಲೆಂದೇ ನಾಲ್ಕು ಕುಂಡ ಹಿಂದೆ ಉಳಿಸಿಕೊಂಡಿರಿ.

ಕಡುಗಪ್ಪು ಬಣ್ಣದ, ಸಾಸಿವೆಗಿಂತ ಚಿಕ್ಕ ಗುಲಗಂಜಿ ಹುಳ ಕಂಡರೆ ಓಡಿಸಬೇಡಿ. ಸ್ಟೆಥೋರಸ್ ಅಂತ, ಅದೂ ಅದರ ಮರಿಯೂ ನುಸಿಯನ್ನೇ ತಿನ್ನುವುದು. ನುಸಿ ಜಾಸ್ತಿ ಇರುವಲ್ಲಿಗೆ ತಾನೇ ಹಾರಿ ಬರುತ್ತದೆ, ಔಷಧಿ ಇಲ್ಲದಿದ್ದರೆ.

ಪಕ್ಕದ ಹೊಲದವರ ಜೊತೆಗೂ ಮಾತಾಡಿ. ನಮ್ಮ ಪಕ್ಕದವರು ಟೊಮ್ಯಾಟೊಗೆ ಹೊಡೆಯುವಾಗ ಗಾಳಿಗೆ ಔಷಧಿ ನಮ್ಮ ಮೂರು ಸಾಲಿಗೆ ಬಡಿಯುತ್ತಿತ್ತು. "ಅಕ್ಕಾ, ಮೊದಲೇ ಹೇಳಬಾರದಿತ್ತಾ" ಅಂದವನು ಈಗ ಹೊಡೆಯುವ ಹಿಂದಿನ ದಿನ ಫೋನ್ ಮಾಡುತ್ತಾನೆ, ಗಾಳಿ ನಿಂತ ಬೆಳಗಿನ ಹೊತ್ತಲ್ಲೇ ಮುಗಿಸುತ್ತಾನೆ.

ಜೂನ್ ಮಳೆ ಹಿಡಿದರೆ ಪೀಡೆ ತೊಳೆದು ಹೋಗುತ್ತದೆ, ಅದರ ಹಿಂದೆ ಬೇಟೆ ನುಸಿಯೂ ಕಡಿಮೆಯಾಗುತ್ತದೆ. ಈ ಜಾತಿ ಜೇಡ ನುಸಿ ಇಲ್ಲದೆ ಹೆಚ್ಚು ದಿನ ಬಾಳದು. ಬೇಲಿ ಸಾಲಿನಲ್ಲಿ ಅಲ್ಲಲ್ಲಿ ಹರಳು ಗಿಡ ಬಿಟ್ಟುಕೊಳ್ಳಿ. ಹರಳಿನ ಪರಾಗ ತಿಂದೇ ಬದುಕುವ ಬೇರೆ ಜಾತಿಯ ಬೇಟೆ ನುಸಿಗಳಿವೆ, ಮುಂದಿನ ಬೇಸಿಗೆಗೆ ಅವು ಮೊದಲ ಕಾವಲು. ಹರಳಿನ ಎಲೆಗೆ ಬಿಳಿ ನೊಣ ಮುತ್ತಿದರೆ ಆ ಕೊಂಬೆ ಕತ್ತರಿಸಿ, ಗಿಡ ಕೀಳಬೇಡಿ. ಮಳೆಗಾಲದಲ್ಲೂ ಎರಡು ವಾರಕ್ಕೊಮ್ಮೆ ಎರಡು ಕುಂಡ ಬೀನ್ಸ್ ಬಿತ್ತುತ್ತಾ, ಬೀಜದ ನುಸಿ ಸಾಯದ ಹಾಗೆ ಸೂರಿನಡಿ ಕಾಪಾಡಿಕೊಳ್ಳಿ. ಜನವರಿ ಬಂದ ಕೂಡಲೇ ಎರಡನ್ನು ಇಪ್ಪತ್ತು ಮಾಡಿ. ರಸ್ತೆ ಬದಿಯ ಸಾಲನ್ನು ಅಷ್ಟರೊಳಗೆ ಒಮ್ಮೆ ತೊಳೆದಿರಿ.